ಬಿರುಗಾಳಿ ದಡ ದಾಟಿದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಮುದ್ರದ ಚಂಡಮಾರುತಗಳು ಮತ್ತು ಅಕಾಲದ ಮಳೆಯ ಕುರಿತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ನಮೂದಿಸಿದ್ದೇವೆ.

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಕಾರವಾರದಲ್ಲಿ ಸಮುದ್ರದ ದಂಡೆಗೆ ಹತ್ತಿರವೇ ಮನೆ ಮಾಡಿಕೊಂಡಿದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಹಿತ್ತಲಿನ ತೆಂಗಿನ ಮರ ಮುರಿದು ಹಂಚಿನ ಮೇಲೆ ಬಿದ್ದಿತು. ಫೋನು ಹತ್ತದೆ ನಾವು ಇಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆವು. ಅಂದಿನಿಂದ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವೆಂದು ಕೇಳಿದ ಕೂಡಲೇ ಬೆಳಗಾವಿಗೆ ಬಂದುಬಿಡಿ ಎನ್ನುತ್ತೇನೆ. ಮಗ ನಕ್ಕುಬಿಡುತ್ತಾನೆ. ಯಾರು ಹೇಳುವುದು ಸರಿ?
(ಶಹಾಪುರ, ಬೆಳಗಾವಿ)

ಉತ್ತರ: ತಾಯಿ, ನಿಮ್ಮ ಆತಂಕಕ್ಕೆ ಆಧಾರವಿದೆ, ಆದರೆ ಮಗನನ್ನು ಹೊರಡಿಸುವ ಹೊತ್ತು ತಪ್ಪಿದರೆ ಅವರು ಮನೆಯಲ್ಲಿದ್ದಾಗಿನದಕ್ಕಿಂತ ಹೆಚ್ಚಿನ ಅಪಾಯಕ್ಕೆ ಸಿಲುಕುತ್ತಾರೆ. ತೌಕ್ತೆ ನಮ್ಮ ಕರಾವಳಿಯನ್ನು ನೇರವಾಗಿ ಅಪ್ಪಳಿಸಲಿಲ್ಲ. ಮೇ 15 ಮತ್ತು 16ರಂದು ಅದು ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಅರಬ್ಬಿ ಸಮುದ್ರದ ಚಂಡಮಾರುತಗಳು ಸಾಮಾನ್ಯವಾಗಿ ಹೀಗೆ ಉತ್ತರಕ್ಕೆ, ಇಲ್ಲವೇ ಓಮಾನಿನ ಕಡೆಗೆ ಹೋಗುತ್ತವೆ. ಆದ್ದರಿಂದ ಕಾರವಾರದವರಿಗೆ ತಟ್ಟುವುದು ಬಹುಮಟ್ಟಿಗೆ ಅವುಗಳ ಸೆರಗು ಮಾತ್ರ. ಆ ಸೆರಗೇ ದಂಡೆಯನ್ನು ಕೊರೆಯುವ ಅಲೆಗಳನ್ನೂ, ಮರ ಕೆಡಹುವ ಗಾಳಿಯನ್ನೂ, ಗುಡ್ಡ ಜಾರಿಸುವಷ್ಟು ಮಳೆಯನ್ನೂ ತರಬಲ್ಲದು.

ಹೀಗಾಗಿ ಮಗನಿಗೆ ನೀವು ಕೇಳಬೇಕಾದದ್ದು ಬೇರೆಯೇ ಇದೆ. ಭರತದ ನೀರು ಬಂದು ನಿಲ್ಲುವ ಗೆರೆಯಿಂದ ಮನೆ ಎಷ್ಟು ದೂರವಿದೆ, ಮಾಡಿನ ಮೇಲೆ ಬಾಗಿರುವ ಮರ ಯಾವುದು, ಮನೆಯ ಹಿಂದೆ ಗುಡ್ಡ ಕಡಿದ ಜಾಗವಿದೆಯೇ ಎಂದು ಕೇಳಿರಿ. ಮೂರನೆಯದನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿರಿ. 2009ರ ಅಕ್ಟೋಬರ್ ಆರಂಭದಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳಲ್ಲಿದ್ದವರೇ ಸತ್ತರು; 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಬಿದ್ದಿತು. ಕಾರವಾರದಿಂದ ಬೆಳಗಾವಿಗೆ ಬರುವವರು ಅಣಶಿಯಿಂದ ಬಂದರೂ ಅಷ್ಟೇ, ಗೋವೆಗೆ ಹೋಗಿ ಅನಮೋಡ ಅಥವಾ ಚೋರ್ಲಾದಿಂದ ಬಂದರೂ ಅಷ್ಟೇ, ಘಟ್ಟ ಹತ್ತಲೇಬೇಕು. ಹವಾಮಾನ ಇಲಾಖೆ ಹಳದಿ ಅಥವಾ ಕಿತ್ತಳೆ ಸೂಚನೆ ಕೊಟ್ಟ ಹಂತದಲ್ಲಿ, ಹಗಲು ಹೊತ್ತಿನಲ್ಲಿ, ಮಳೆ ಹಿಡಿಯುವ ಮುನ್ನ ಬರುವುದಾದರೆ ಬರಲಿ. ಕೆಂಪು ಸೂಚನೆ ಬಂದು ಮಳೆ ಹೊಯ್ಯತೊಡಗಿದ ಮೇಲೆ ರಾತ್ರಿ ಘಟ್ಟ ಹತ್ತುವುದಕ್ಕಿಂತ ಅದೇ ಊರಿನ ಆರ್‌ಸಿಸಿ ಛಾವಣಿಯ ಮನೆಗೋ ಆಡಳಿತ ತೆರೆದ ಕಾಳಜಿ ಕೇಂದ್ರಕ್ಕೋ ಹೋಗುವುದು ಲೇಸು.

ಫೋನು ಹತ್ತದಿದ್ದಾಗ ಕೆಟ್ಟದ್ದನ್ನೇ ಊಹಿಸಬೇಡಿರಿ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಇಡೀ ಊರೇ ಮೌನವಾಗುತ್ತದೆ. ಕರೆ ಹೋಗದ ಜಾಲದಲ್ಲಿಯೂ ಎಸ್‌ಎಂಎಸ್ ಕೆಲವೊಮ್ಮೆ ಹೋಗುತ್ತದೆ. ದಿನಕ್ಕೆ ಎರಡು ಗೊತ್ತಾದ ಹೊತ್ತಿನಲ್ಲಿ ಒಂದು ಸಾಲು ಕಳಿಸುವ ಕರಾರನ್ನು ಮೊದಲೇ ಮಾಡಿಕೊಳ್ಳಿರಿ. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಇನ್ನು ಆ ಹಿತ್ತಲಿನಲ್ಲಿ ಉಳಿದ ತೆಂಗಿನ ಮರಗಳ ಒಣಗರಿ ಮತ್ತು ಕಾಯಿಗಳನ್ನು ಮೇ ತಿಂಗಳಿಗೆ ಮುಂಚೆ ಇಳಿಸಲು ಮಗನಿಗೆ ಹೇಳಿರಿ. ಈ ಮಾತಿಗೆ ಅವರು ನಗಲಾರರು.

ಪ್ರಶ್ನೆ: ಚಂಡಮಾರುತಗಳು ನಿಜವಾಗಿಯೂ ಹೆಚ್ಚಾಗಿವೆಯೋ ಅಥವಾ ಸುದ್ದಿವಾಹಿನಿಗಳ ಗದ್ದಲ ಹೆಚ್ಚಾಗಿದೆಯೋ?
(ವಿದ್ಯಾಗಿರಿ, ಬಾಗಲಕೋಟೆ)

ಉತ್ತರ: ಎರಡೂ ಹೆಚ್ಚಾಗಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಏರಿದೆಯೆಂದು ಕಂಡುಕೊಂಡರು. ಬಂಗಾಳಕೊಲ್ಲಿಯಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಚಂಡಮಾರುತ ಹುಟ್ಟಲು ಸಮುದ್ರದ ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಹಿಂದೆ ಬಂಗಾಳಕೊಲ್ಲಿಗಿಂತ ತಣ್ಣಗಿದ್ದ ಅರಬ್ಬಿ ಸಮುದ್ರ ಈಗ ವೇಗವಾಗಿ ಕಾಯುತ್ತಿದೆ. 2019ರ ಅಕ್ಟೋಬರಿನಲ್ಲಿ ಅಲ್ಲಿ ಎದ್ದ ಕ್ಯಾರ್ ಸೂಪರ್ ಚಂಡಮಾರುತದ ಮಟ್ಟಕ್ಕೆ, ಎಂದರೆ ಗಂಟೆಗೆ 221 ಕಿಲೋಮೀಟರ್ ಅಥವಾ ಅದಕ್ಕೂ ಮೀರಿದ ಗಾಳಿಯ ಮಟ್ಟಕ್ಕೆ, ಮುಟ್ಟಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲದು. ಆ ತೇವ ಎಲ್ಲಿಯಾದರೂ ಸುರಿಯಲೇಬೇಕಲ್ಲವೇ?

ವಾಹಿನಿಗಳ ವಿಷಯಕ್ಕೆ ಬಂದರೆ, ಅವು ಉಪಗ್ರಹದ ಚಿತ್ರ ತಿರುಗಿಸಿ ಕೂಗಾಡುವುದಕ್ಕಿಂತ ನನಗೆ ಹೆಚ್ಚು ಬೇಸರ ತರಿಸುವುದು, ಬಿರುಗಾಳಿ ದಡ ದಾಟಿದ ಮರುಕ್ಷಣವೇ ಅವು ಸುಮ್ಮನಾಗುವುದು. ನಮ್ಮ ಮೂರೂ ಜಿಲ್ಲೆಗಳ ಪಾಲಿಗೆ ಕಥೆ ಶುರುವಾಗುವುದೇ ಆಗ. ಮುಂದಿನ ಪತ್ರವನ್ನು ನೋಡಿರಿ.

ಪ್ರಶ್ನೆ: 2020ರ ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಭೀಮಾ ಹೊಳೆ ಏರಿ ಕಬ್ಬು, ತೊಗರಿ ಎಲ್ಲವೂ ಮುಳುಗಿದವು. ಬಂಗಾಳಕೊಲ್ಲಿಯ ವಾಯುಭಾರ ಕುಸಿತವೇ ಕಾರಣವೆಂದು ಹೇಳಿದರು. ಸಮುದ್ರ ಎಲ್ಲಿ, ನಮ್ಮೂರು ಎಲ್ಲಿ?
(ಇಂಡಿ ತಾಲ್ಲೂಕು, ಭೀಮಾ ತೀರ)

ಉತ್ತರ: ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಆ ವರ್ಷ ಅಕ್ಟೋಬರ್ 13ರ ಬೆಳಗ್ಗೆ ಆಂಧ್ರದ ಕಾಕಿನಾಡದ ಬಳಿ ದಡ ದಾಟಿದ ತೀವ್ರ ವಾಯುಭಾರ ಕುಸಿತಕ್ಕೆ ಹೆಸರಿರಲಿಲ್ಲ, ಏಕೆಂದರೆ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆಯೇ ಅದು ಚಂಡಮಾರುತವೆನಿಸಿ ಹೆಸರು ಪಡೆಯುತ್ತದೆ. ಹೆಸರಿಲ್ಲದ ಆ ಕುಸಿತವೇ ಪಶ್ಚಿಮಕ್ಕೆ ಸಾಗುತ್ತ ಹೈದರಾಬಾದನ್ನು ಮುಳುಗಿಸಿ, ಉತ್ತರ ಒಳನಾಡಿನ ಮೇಲೆ ಹಾದು, ಸೊಲ್ಲಾಪುರದ ಸೀಮೆಯಲ್ಲಿ ಮಳೆ ಸುರಿಸಿ, ಕೊನೆಗೆ ಅರಬ್ಬಿ ಸಮುದ್ರವನ್ನು ಸೇರಿತು. ಮುಂಗಾರಿನ ಕೊನೆಯ ಹೊತ್ತಾದ್ದರಿಂದ ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಜಲಾಶಯದಲ್ಲಿ ಹೊಸ ನೀರಿಗೆ ಜಾಗವಿರಲಿಲ್ಲ. ಅಲ್ಲಿಂದ ಬಿಟ್ಟ ನೀರು ಪಂಢರಪುರವನ್ನು ದಾಟಿ, ಸೀನಾ ನದಿಯ ನೀರನ್ನೂ ಕೂಡಿಸಿಕೊಂಡು ನಿಮ್ಮ ಊರಿಗೆ ಬರುವಷ್ಟರಲ್ಲಿ ನಿಮ್ಮ ಆಕಾಶ ತಿಳಿಯಾಗಿತ್ತು.

ಆದ್ದರಿಂದ ನೀವು ನೋಡಬೇಕಾದದ್ದು ನಿಮ್ಮ ತಲೆಯ ಮೇಲಿನ ಮೋಡವನ್ನಲ್ಲ, ಉಜನಿಯ ಹೊರಹರಿವನ್ನು ಮತ್ತು ಸೊಲ್ಲಾಪುರ ಜಿಲ್ಲೆಯ ಮಳೆಯನ್ನು. ಹೊರಹರಿವನ್ನು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಲೆಕ್ಕದಲ್ಲಿ ಪ್ರಕಟಿಸುತ್ತಾರೆ. ಆ ಅಂಕಿಯಷ್ಟನ್ನೇ ಓದಿದರೆ ಏನೂ ತಿಳಿಯದು. ಇಂತಿಷ್ಟು ಬಿಟ್ಟಾಗ ನಿಮ್ಮ ಹೊಲದ ಯಾವ ಬದುವಿನವರೆಗೆ ನೀರು ಬಂದಿತ್ತು ಎಂಬುದನ್ನು ಹಿಂದಿನ ಪ್ರವಾಹಗಳ ನೆನಪಿನಿಂದ ಹಿರಿಯರ ಜೊತೆ ಕುಳಿತು ಬರೆದಿಟ್ಟುಕೊಂಡರೆ, ಮುಂದಿನ ಸಲ ಪಂಪ್‌ಸೆಟ್ಟನ್ನು ಯಾವಾಗ ಎತ್ತಬೇಕು, ದನಗಳನ್ನು ಯಾವಾಗ ಬಿಚ್ಚಬೇಕು ಎಂಬುದು ಅಂಕಿ ಕಂಡ ಕೂಡಲೇ ಗೊತ್ತಾಗುತ್ತದೆ. ಕೃಷ್ಣೆಯ ತೀರದವರಿಗೆ ಕೊಯ್ನಾ, ಘಟಪ್ರಭೆಯವರಿಗೆ ಹಿಡಕಲ್, ಮಲಪ್ರಭೆಯವರಿಗೆ ನವಿಲುತೀರ್ಥದ ಅಂಕಿಗಳು ಇದೇ ಕೆಲಸ ಮಾಡುತ್ತವೆ. 2019ರ ಆಗಸ್ಟಿನಲ್ಲಿ ಗೋಕಾಕ, ಮುಧೋಳ, ರಾಮದುರ್ಗಗಳನ್ನು ನೀರು ನುಗ್ಗಿ ಆವರಿಸಿದ್ದೂ, ಪಟ್ಟದಕಲ್ಲಿನ ಗುಡಿಗಳವರೆಗೆ ಬಂದದ್ದೂ ಮೇಲಿನ ಸೀಮೆಯ ಮಳೆಯಿಂದಲೇ. ಡೋಣಿಯಂತಹ ಹೂಳು ತುಂಬಿದ ನದಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ದೊಡ್ಡ ಜಲಾಶಯದ ತಡೆಯಿಲ್ಲ, ಎರೆ ಭೂಮಿಯ ಮಳೆ ನೇರವಾಗಿ ಬಂದು ಸೇತುವೆಯ ಮೇಲೆ ಹರಿಯುತ್ತದೆ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ಹೂವಿಗೆ ಬರುವ ಹೊತ್ತಿಗೆ ಸರಿಯಾಗಿ ಬಂಗಾಳಕೊಲ್ಲಿಯ ಚಂಡಮಾರುತದ ಮೋಡ ಕವಿಯುತ್ತದೆ. ಶೆಡ್ಡಿನಲ್ಲಿ ಒಣದ್ರಾಕ್ಷಿ ಇದ್ದಾಗ ಅಡ್ಡಮಳೆ. ವಿಮೆ ಕಟ್ಟಿದರೂ ಪರಿಹಾರ ಸಿಗುವುದೆಂಬ ಭರವಸೆಯಿಲ್ಲ. ಏನು ಮಾಡಬೇಕು?
(ತಿಕೋಟಾ)

ಉತ್ತರ: ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳ ಮುಖ್ಯ ಋತು ಅಕ್ಟೋಬರಿನಿಂದ ಡಿಸೆಂಬರ್; ನಿಮ್ಮ ಬಳ್ಳಿ ಅತ್ಯಂತ ಎಳೆಯದಾಗಿರುವುದೂ ಆಗಲೇ. ಚೆನ್ನೈ ಅಥವಾ ನೆಲ್ಲೂರಿನ ಬಳಿ ದಡ ದಾಟಿದ ಚಂಡಮಾರುತ ವಿಜಯಪುರಕ್ಕೆ ಗಾಳಿಯನ್ನು ತರುವುದಿಲ್ಲ, ಜಿನುಗು ಮಳೆ ಮತ್ತು ಬಿಸಿಲಿಲ್ಲದ ದಿನಗಳನ್ನು ತರುತ್ತದೆ. ಎಲೆ ಒದ್ದೆಯಾಗಿಯೇ ಉಳಿಯುವ ಅಂತಹ ದಿನಗಳಲ್ಲಿ ಡೌನಿ ರೋಗ ಗೊಂಚಲನ್ನು ಹಿಡಿಯುತ್ತದೆ, ಹೂವು ಉದುರುತ್ತದೆ. ರೋಗ ಕಂಡ ಮೇಲಿನ ಸಿಂಪಡಣೆಗಿಂತ ಮುನ್ಸೂಚನೆ ಬಂದೊಡನೆ, ಮಳೆಗೆ ಮೊದಲು, ಎಲೆಯ ಅಡಿಭಾಗಕ್ಕೂ ತಾಗುವಂತೆ ಮಾಡಿದ ಸಿಂಪಡಣೆ ಫಲ ಕೊಡುತ್ತದೆ. ಮಳೆ ಬಿಟ್ಟ ಕೂಡಲೇ ತಂತಿಯನ್ನು ಅಲುಗಿಸಿ ಎಲೆಯ ನೀರನ್ನು ಉದುರಿಸುವುದು ಕೂಲಿಯ ಕೆಲಸವೇ ಆದರೂ ಮಾಡಿಸಿರಿ. ಇಡೀ ತೋಟಕ್ಕೆ ಒಂದೇ ವಾರದಲ್ಲಿ ಚಾಟ್ನಿ ಮಾಡದೆ ಪ್ಲಾಟುಗಳನ್ನು ಹಂಚಿಕೊಂಡು ಮಾಡಿದರೆ ಒಂದು ಚಂಡಮಾರುತಕ್ಕೆ ಎಲ್ಲ ಗೊಂಚಲುಗಳೂ ಹೂವಿನ ಹಂತದಲ್ಲಿ ಸಿಲುಕುವುದಿಲ್ಲ.

ವಿಮೆಯ ವಿಚಾರದಲ್ಲಿ ಎರಡು ಯೋಜನೆಗಳನ್ನು ಬೆರೆಸಿಕೊಂಡೇ ನಮ್ಮ ರೈತರು ಹೆಚ್ಚಾಗಿ ಮೋಸ ಹೋಗುತ್ತಾರೆ. ದ್ರಾಕ್ಷಿ, ದಾಳಿಂಬೆಗಳಿಗಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಅದರಲ್ಲಿ ಅಧಿಕಾರಿ ನಿಮ್ಮ ತೋಟಕ್ಕೆ ಬಂದು ನಷ್ಟವನ್ನು ಅಳೆಯುವುದಿಲ್ಲ; ಮಳೆಮಾಪಕ ಮತ್ತು ಹವಾಮಾನ ಕೇಂದ್ರಗಳಲ್ಲಿ ದಾಖಲಾದ ಮಳೆ, ತೇವಾಂಶಗಳ ಅಂಕಿಯೇ ಪರಿಹಾರವನ್ನು ತೀರ್ಮಾನಿಸುತ್ತದೆ. ರೈತನ ಪಾಲಿನ ಕಂತು ವಿಮಾ ಮೊತ್ತದ ಶೇಕಡಾ 5. ಆದ್ದರಿಂದ ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕ ಕೆಲಸ ಮಾಡುತ್ತಿದೆಯೇ, ಅದರ ಮೇಲೆ ಮರದ ಕೊಂಬೆ ಚಾಚಿದೆಯೇ ಎಂದು ಋತುವಿಗೆ ಮೊದಲೇ ಹೋಗಿ ನೋಡಿ, ಕೊರತೆ ಕಂಡರೆ ಲಿಖಿತವಾಗಿ ತಿಳಿಸಿರಿ. ಕೊಯ್ದು ಶೆಡ್ಡಿಗೆ ತಂದ ಹಣ್ಣು ಈ ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಶೆಡ್ಡಿನ ಸುತ್ತ ಇಳಿಬಿಡುವ ತಾಡಪತ್ರಿಯೇ ವಿಮೆ.

ತೊಗರಿ, ಕಡಲೆ, ಜೋಳಗಳಿಗೆ ಇರುವುದು ಫಸಲ್ ಬಿಮಾ. ಕೊಯ್ದು ಒಣಗಲೆಂದು ಹೊಲದಲ್ಲಿ ಹರವಿದ ಬೆಳೆ ಕಟಾವಿನ ನಂತರದ 14 ದಿನಗಳೊಳಗೆ ಚಂಡಮಾರುತದ ಮಳೆಗೆ ಅಥವಾ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ, ವೈಯಕ್ತಿಕ ನಷ್ಟವೆಂದು ಪರಿಗಣಿಸಲು ಅಲ್ಲಿ ಅವಕಾಶವಿದೆ. ಆದರೆ 72 ಗಂಟೆಗಳೊಳಗೆ 14447 ಸಂಖ್ಯೆಗೆ ಅಥವಾ ವಿಮಾ ಕಂಪನಿಗೆ, ಬ್ಯಾಂಕಿಗೆ ಇಲ್ಲವೇ ಕೃಷಿ ಇಲಾಖೆಗೆ ತಿಳಿಸಬೇಕು. ಮಳೆ ಬಿಡಲಿ, ಕೆಸರು ಆರಲಿ ಎಂದು ಕಾಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ದೂರು ದಾಖಲಾದ ಸಂಖ್ಯೆಯನ್ನು ಬರೆದುಕೊಳ್ಳಿರಿ, ಬದು ಮತ್ತು ಬೆಳೆ ಎರಡೂ ಕಾಣುವಂತೆ ಫೋಟೋ ತೆಗೆಯಿರಿ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆ. ಎಷ್ಟು ಮಳೆ ಬಂದರೆ ಮನೆ ಬಿಡಬೇಕು?
(ಹುನಗುಂದ ತಾಲ್ಲೂಕು)

ಉತ್ತರ: ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಕಾಣುವ ಕಾರವಾರಕ್ಕೆ ಇದು ಮಳೆಗಾಲದ ಒಂದು ದಿನ. ಸುಮಾರು ಆರುನೂರು ಮಿಲಿಮೀಟರ್ ಬೀಳುವ ನಮ್ಮ ಬಯಲಿಗೆ ವರ್ಷದ ಐದನೆಯ ಒಂದು ಪಾಲು. ನಮ್ಮ ಮನೆಗಳನ್ನು ಕಟ್ಟಿದ್ದು ಬಿಸಿಲಿಗೆ, ಇಂತಹ ಮಳೆಗಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ನಮ್ಮ ಭಾಗದಲ್ಲಿ ಜಡಿಮಳೆ ಹಿಡಿದಾಗ ಹೊಳೆಯಲ್ಲಿ ಕೊಚ್ಚಿಹೋದವರಷ್ಟೇ ಅಲ್ಲ, ಮಲಗಿದ್ದಲ್ಲಿಯೇ ಮಾಳಿಗೆ ಕುಸಿದು ಸತ್ತವರೂ ಅನೇಕರಿದ್ದರು.

ಒಂದು ಗೇಣು ದಪ್ಪದ ಮಾಳಿಗೆಯ ಮಣ್ಣು ಪ್ರತಿ ಚದರ ಮೀಟರಿಗೆ ಮೂರು ಕ್ವಿಂಟಲ್ಲಿನಷ್ಟು ತೂಗುತ್ತದೆ. ನೀರು ಕುಡಿದರೆ ಇನ್ನೂ ಹೆಚ್ಚು. ಮಿಲಿಮೀಟರ್ ಲೆಕ್ಕಕ್ಕಿಂತ ಮನೆಯೇ ಕೊಡುವ ಸೂಚನೆಗಳನ್ನು ನೋಡಿರಿ. ಜಂತಿಯ ಸಂದಿನಿಂದ ಮಣ್ಣು ಸಣ್ಣಗೆ ಉದುರುತ್ತಿದ್ದರೆ, ತೊಲೆ ಗೋಡೆಯ ಮೇಲೆ ಕುಳಿತ ಜಾಗದಲ್ಲಿ ಹೊಸ ಬಿರುಕು ಕಂಡರೆ, ನಿನ್ನೆಯವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಬಿಗಿಯತೊಡಗಿದರೆ, ಆ ರಾತ್ರಿ ಅಲ್ಲಿ ಮಲಗಬಾರದು. ಮಾಳಿಗೆಯ ಮೇಲಿನ ಹುಲ್ಲನ್ನು ಮಳೆಗಾಲಕ್ಕೆ ಮೊದಲೇ ಕಿತ್ತು, ನೀರು ಹೋಗುವ ದೋಣಿಗಳನ್ನು ಬಿಡಿಸಿ, ಹಾಳುಮಣ್ಣು ಹಾಕಿ ಬಡಿಯಿರಿ. ವರ್ಷವರ್ಷವೂ ಹಳೆಯ ಮಣ್ಣು ತೆಗೆಯದೆ ಮೇಲೆ ಮೇಲೆ ಏರಿಸುತ್ತ ಹೋಗುವುದು ಮಾತ್ರ ಅಪಾಯ. ಮಳೆ ನಿಂತ ದಿನವೇ ಮರಳಿ ಒಳಗೆ ಹೋಗಬೇಡಿರಿ. ನೆನೆದ ಗೋಡೆ ಬಿಸಿಲು ಬಿದ್ದ ಮೇಲೆಯೂ ಕುಸಿಯುತ್ತದೆ.

ಪ್ರಶ್ನೆ: ಕುರಿ ಕಾಯುವಾಗ ಸಿಡಿಲು ಬಂದರೆ ಎಲ್ಲಿ ನಿಲ್ಲಬೇಕು?
(ಮುದ್ದೇಬಿಹಾಳ)

ಉತ್ತರ: ಬೇವಿನ ಮರದ ಕೆಳಗಂತೂ ಅಲ್ಲ, ತಂತಿಬೇಲಿಯ ಪಕ್ಕದಲ್ಲಿಯೂ ಅಲ್ಲ. ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆಯೆಂದು ತಿಳಿದು ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನವನ್ನು ಸೇರಿಕೊಳ್ಳಬೇಕು; ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಏನೂ ಸಿಗದ ಬಯಲಿನಲ್ಲಿ ಕುರಿಗಳಿಂದ ಮತ್ತು ಜೊತೆಗಾರರಿಂದ ದೂರ ಸರಿದು, ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕುರುಗಾಲಿನಲ್ಲಿ ಕೂರಬೇಕು, ಮಲಗಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತಲಿನ ಸಿಡಿಲನ್ನು ಮುಂಚಿತವಾಗಿ ತಿಳಿಸುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿರಿ. ಉಸಿರು ನಿಂತಿದ್ದರೆ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಯಿಂದ ಬಲವಾಗಿ, ಬೇಗಬೇಗನೆ ಒತ್ತತೊಡಗಬೇಕು.