ಇಬ್ಬರದ್ದೂ ಒಂದೇ ನಂಬರಿನ ಗಾಲ್ಫ್ ಬಾಲ್ ಆದರೆ ನನ್ನದು ಯಾವುದು ಅಂತ ಹೇಗೆ ತೀರ್ಮಾನ ಮಾಡೋದು?

ನಿಮ್ಮದೂ ನಿಮ್ಮ ಜೊತೆಗಾರರದ್ದೂ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಬಾಲ್, ನಂಬರ್ 1. ಎರಡೂ ರಫ್‌ನಲ್ಲಿ, ಅಂದರೆ ಉದ್ದ ಹುಲ್ಲಿನಲ್ಲಿ, ಅಕ್ಕಪಕ್ಕ ಸಿಕ್ಕವು. ಬ್ಯಾಗ್ ಹೊರುವ ಕ್ಯಾಡಿ "ಇದೇ ಸಾರ್ ನಿಮ್ದು" ಅಂದರು, ನೀವು ಹೊಡೆದಿರಿ. ಜೊತೆಗಾರರು ಉಳಿದ ಬಾಲ್ ನೋಡಿ, "ನನ್ನದರಲ್ಲಿ ಒಂದು ಗೀರಿತ್ತು, ಇದರಲ್ಲಿ ಇಲ್ಲ" ಅಂದರು. ಹೋಗಿ ನೋಡಿದರೆ ನೀವು ಹೊಡೆದ ಬಾಲ್‌ನಲ್ಲೇ ಗೀರು. ಈಗ ಏನು ಅಂತ ಕೇಳಿದ್ದೀರಿ.

ನೀವು ಆಡಿದ್ದು ತಪ್ಪು ಬಾಲ್. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಆದರೆ 2 ಸ್ಟ್ರೋಕ್ (ಹೊಡೆತ) ಪೆನಾಲ್ಟಿ. ಆ ಬಾಲ್‌ಗೆ ಹೊಡೆದ ಹೊಡೆತಗಳು ಲೆಕ್ಕಕ್ಕಿಲ್ಲ. ವಾಪಸ್ ಹೋಗಿ ನಿಮ್ಮ ಬಾಲ್ ಆಡಬೇಕು. ತಪ್ಪು ಸರಿಮಾಡದೆ ಮುಂದಿನ ಹೋಲ್‌ನಲ್ಲಿ ಮೊದಲ ಹೊಡೆತ ಹೊಡೆದರೆ ಪಂದ್ಯದಿಂದಲೇ ಹೊರಗೆ. ಪ್ರತಿ ಹೋಲ್‌ಗೆ ಪಾಯಿಂಟ್ ಕೊಡುವ ಸ್ಟೇಬಲ್‌ಫೋರ್ಡ್‌ನಲ್ಲಿ ಮಾತ್ರ ಹೊರಗೆ ಹಾಕುವುದಿಲ್ಲ, ಆ ಹೋಲ್‌ಗೆ ಸೊನ್ನೆ. ಒಂದೊಂದು ಹೋಲ್ ಗೆಲ್ಲುವ ಲೆಕ್ಕದ ಮ್ಯಾಚ್ ಪ್ಲೇ ಆದರೆ ಹೋಲ್ ಸೋತಂತೆ. ನಿಮ್ಮ ಜೊತೆಗಾರರಿಗೆ ಯಾವ ಪೆನಾಲ್ಟಿಯೂ ಇಲ್ಲ. ಅವರು ತಮ್ಮ ಬಾಲ್ ಮೊದಲಿದ್ದ ಜಾಗದಲ್ಲೇ ಬಾಲ್ ಇಟ್ಟು ಆಡಬೇಕು.

ಕ್ಯಾಡಿ ಹೇಳಿದ್ದು ಸಾಲದಾ ಅಂದರೆ, ಅದು ಅವರು ಏನು ನೋಡಿದರು ಅನ್ನುವುದರ ಮೇಲೆ ನಿಂತಿದೆ. ಬಾಲ್ ನಿಮ್ಮದೆಂದು ಗುರುತಿಸಲು ಗಾಲ್ಫ್ ನಿಯಮ 7.2 ಮೂರು ದಾರಿ ಕೊಡುತ್ತದೆ. ನಿಮ್ಮ ಬಾಲ್ ಬಂದು ನಿಂತದ್ದನ್ನು ನೀವೋ ಬೇರೆಯವರೋ ಕಣ್ಣಾರೆ ನೋಡಿರಬೇಕು. ಇಲ್ಲವೇ ಬಾಲ್ ಮೇಲೆ ನೀವು ಹಾಕಿದ ಗುರುತು ಕಾಣಬೇಕು. ಅದೂ ಇಲ್ಲದಿದ್ದರೆ ನಿಮ್ಮ ಬಾಲ್ ಇರಬೇಕಾದ ಜಾಗದಲ್ಲಿ ಅದೇ ಬ್ರ್ಯಾಂಡ್, ಅದೇ ಮಾಡೆಲ್, ಅದೇ ನಂಬರ್, ಅಷ್ಟೇ ಹಳತಾದ ಬಾಲ್ ಸಿಗಬೇಕು. ಆದರೆ ಅಲ್ಲೇ ಹತ್ತಿರ ತದ್ರೂಪ ಇನ್ನೊಂದು ಬಾಲ್ ಇದ್ದು, ಯಾವುದು ನಿಮ್ಮದೆಂದು ಹೇಳಲು ಆಗದಿದ್ದರೆ ಈ ಮೂರನೇ ದಾರಿ ಮುಚ್ಚಿತು. ಆ ಗೀರು ಇಲ್ಲದಿದ್ದರೆ ನಿಮ್ಮಿಬ್ಬರದ್ದೂ ಕಳೆದುಹೋದ ಬಾಲ್ ಆಗುತ್ತಿತ್ತು. ಕಣ್ಣೆದುರೇ ಎರಡು ಬಾಲ್ ಇದ್ದರೂ ಇಬ್ಬರೂ 1 ಸ್ಟ್ರೋಕ್ ಪೆನಾಲ್ಟಿ ತೆತ್ತು, ಹಿಂದಿನ ಹೊಡೆತ ಹೊಡೆದ ಜಾಗಕ್ಕೆ ನಡೆಯಬೇಕಿತ್ತು. ಕ್ಲಬ್ ಪಂದ್ಯಗಳಲ್ಲಿ ರೂಲ್ಸ್ ನೋಡಿಕೊಳ್ಳುವ ನನಗೆ, ಒಳ್ಳೆಯ ಡ್ರೈವ್ (ಮೊದಲ ದೂರದ ಹೊಡೆತ) ಆದ ಮೇಲೂ ಹೀಗಾಗುವುದು ನೋಡಿದರೆ ನಿಜವಾಗಲೂ ಬೇಜಾರಾಗುತ್ತದೆ.

ಅದಕ್ಕೇ ಪರ್ಮನೆಂಟ್ ಮಾರ್ಕರ್ ತಗೊಂಡು ಬಾಲ್‌ನ ಎರಡೂ ಬದಿ ಗುರುತು ಹಾಕಿ. ಒಂದೇ ಚುಕ್ಕೆ ಬೇಡ, ಅದನ್ನು ಎಲ್ಲರೂ ಹಾಕುತ್ತಾರೆ. ನಿಮ್ಮ ಇನಿಷಿಯಲ್ ಬರೆಯಿರಿ. ಆಟ ಶುರುವಾಗುವ ಮೊದಲ ಟೀಯಲ್ಲೇ "ನಂದು ಪ್ರೊ ವಿ1, ನಂಬರ್ 3, ಹಸಿರು ಗೆರೆ" ಅಂತ ಎಲ್ಲರಿಗೂ ಹೇಳಿಬಿಡಿ. ಮಾಡೆಲ್ ಕೂಡ ಸರಿಯಾಗಿ ನೋಡಿ. 2019ರಲ್ಲಿ ಮೆಕ್ಸಿಕೋದ ಮಾಯಾಕೋಬಾ ಪಂದ್ಯದಲ್ಲಿ ಅಮೆರಿಕದ ವೃತ್ತಿಪರ ಆಟಗಾರ ರಸೆಲ್ ಹೆನ್ಲಿ 4 ಹೋಲ್‌ಗಳಲ್ಲಿ ಸ್ವಲ್ಪವೇ ಬೇರೆಯಾದ ಮಾಡೆಲ್ ಆಡಿ 8 ಸ್ಟ್ರೋಕ್ ಪೆನಾಲ್ಟಿ ತೆತ್ತರು. ಅಲ್ಲಿದ್ದದ್ದು ರೌಂಡ್ ಪೂರ್ತಿ ಒಂದೇ ಮಾಡೆಲ್ ಆಡಬೇಕೆಂಬ ಬೇರೆ ನಿಯಮ. ಆದರೂ ನಂಬರ್ ಮಾತ್ರ ನೋಡಿದರೆ ಸಾಲದು ಅನ್ನುವುದು ಅದರಿಂದ ಗೊತ್ತಾಗುತ್ತದೆ ಅಲ್ವಾ.

ಉದ್ದ ಹುಲ್ಲಿನಲ್ಲಿ ಗುರುತು ಕೆಳಗಡೆ ಹೋಗಿದ್ದರೆ ಬಾಲ್ ತಿರುಗಿಸಿ ಅಥವಾ ಎತ್ತಿ ನೋಡಬಹುದು. ಮುಟ್ಟುವ ಮೊದಲು ಅದರ ಜಾಗಕ್ಕೆ ಟೀ (ಬಾಲ್ ಇಡುವ ಸಣ್ಣ ಕಡ್ಡಿ) ಅಥವಾ ಕಾಯಿನ್ ಇಟ್ಟು ಮಾರ್ಕ್ ಮಾಡಲೇಬೇಕು. ಮರೆತರೆ 1 ಸ್ಟ್ರೋಕ್. ಗುರುತು ಕಾಣುವಷ್ಟು ಮಾತ್ರ ಮಣ್ಣು ಒರೆಸಿ, ಜಾಸ್ತಿ ಒರೆಸಿದರೂ 1 ಸ್ಟ್ರೋಕ್. ಸುಮ್ನೆ, ಅಗತ್ಯವಿಲ್ಲದೆ ಎತ್ತಿದರೂ ಅಷ್ಟೇ. 2019ಕ್ಕೆ ಮುಂಚೆ ಎತ್ತುವ ಮೊದಲು ನಿಮ್ಮ ಸ್ಕೋರ್ ಬರೆಯುವ ಮಾರ್ಕರ್‌ಗೋ ಎದುರಾಳಿಗೋ ಹೇಳಬೇಕಿತ್ತು. ಈಗ ಕಡ್ಡಾಯವಲ್ಲ, ಆದರೂ ಹೇಳಿ, ಅನುಮಾನಕ್ಕೆ ಜಾಗ ಇರುವುದಿಲ್ಲ.

ಬಂಕರ್‌ನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ, ಬಾಲ್ ಎತ್ತುವಂತಿಲ್ಲ ಅಂತ ಕೆಲವು ಹಿರಿಯರು ಹೇಳುತ್ತಾರೆ. ಅದು 2008ಕ್ಕೆ ಮುಂಚಿನ ಮಾತು. ಈಗ ಎತ್ತಬಹುದು, ಆದರೆ ಮರಳು ಮೊದಲು ಹೇಗಿತ್ತೋ ಹಾಗೇ ಮಾಡಿ ಬಾಲ್ ಇಡಬೇಕು.

ಹುಡುಕಲು ಇರುವುದು 3 ನಿಮಿಷ. ಆದರೆ ಅಷ್ಟರೊಳಗೆ ಬಾಲ್ ಸಿಕ್ಕಿದ್ದು, ಅದು ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಟೈಮ್ ದಾಟಿದರೆ ಹೆದರಬೇಡಿ. ಕೂಡಲೇ ಹೋಗಿ ನೋಡಲು ಬೇಕಾಗುವಷ್ಟು ಸಮಯ ಕೊಡುತ್ತಾರೆ. ಮೊದಲ ಬಾಲ್ ಕಳೆದಿರಬಹುದು ಅನ್ನಿಸಿ ಪ್ರೊವಿಷನಲ್ (ತಾತ್ಕಾಲಿಕ) ಬಾಲ್ ಆಡುವಾಗ ಮಾತ್ರ ಬೇರೆ ನಂಬರಿನದೇ ತೆಗೆದುಕೊಳ್ಳಿ, ಹೊಡೆಯುವ ಮೊದಲು ಆ ನಂಬರ್ ಜೋರಾಗಿ ಹೇಳಿ.