ಹಾಸ್ಟೆಲ್‌ನಲ್ಲಿ ಫ್ಲೂ ಹರಡುತ್ತಿದೆ. ಒಂದು ವಾರ ರಜೆ ಕೊಟ್ಟರೆ ನಿಲ್ಲುತ್ತದೆಯೇ?

60 ಮಕ್ಕಳಲ್ಲಿ ಒಂಬತ್ತು ಜನ ಮಲಗಿದ್ದಾರೆ ಅಂದಿರಿ. ರಜೆ ಕೊಡಬೇಡಿ ಸರ್. ನಾನು ವಾರ್ಡನ್ ಆಗಿದ್ದ ಹಾಸ್ಟೆಲ್‌ನಲ್ಲೂ ಒಂದು ಆಗಸ್ಟ್‌ನಲ್ಲಿ ಹೀಗೇ ಆಗಿತ್ತು.

ನಾನು ಮಾಡಿದ ತಪ್ಪು ಒಂದೇ: ಪ್ಯಾರಸಿಟಮಾಲ್ ಕೊಟ್ಟ ಮೇಲೆ ಜ್ವರ ನೋಡಿದ್ದು. ಬೆಳಗ್ಗೆ ಏಳಕ್ಕೆ ಮಾತ್ರೆ, ಒಂಬತ್ತಕ್ಕೆ ಥರ್ಮಾಮೀಟರ್ ಇಟ್ಟರೆ 98.4. 'ಆರಾಮಿದೀನಿ ಸರ್, ಟೆಸ್ಟ್ ಇದೆ' ಅಂದ ಹುಡುಗನನ್ನು ಕ್ಲಾಸಿಗೆ ಕಳಿಸಿದೆ. ಊಟದ ಹೊತ್ತಿಗೆ ಮೈ ಮತ್ತೆ ಸುಡುತ್ತಿತ್ತು. ಆ ಮಾತ್ರೆ ನಾಲ್ಕರಿಂದ ಆರು ಗಂಟೆ ಜ್ವರ ಇಳಿಸುತ್ತದೆ, ಅಷ್ಟೇ. ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ. ಅಷ್ಟೂ ಹೊತ್ತು ಅವನು ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಮ್ಮುತ್ತಾ ಕೂತಿದ್ದ. ಎರಡು ದಿನ ಬಿಟ್ಟು ಅಕ್ಕಪಕ್ಕ ಕೂತಿದ್ದವರು ಮಲಗಿದರು. ಸೋಂಕು ತಗುಲಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಬೇಕಾಗುವುದೂ ಎರಡೇ ದಿನ.

ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆ ಕೊಟ್ಟ ಗಂಟೆ ಬರೆದಿಡಿ. ಮಾತ್ರೆಯೇ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಹೊರಗೆ ಬಿಡಿ. ಆಮೇಲೂ ಕೆಲವು ದಿನ ಮಾಸ್ಕ್ ಇರಲಿ, ಮಕ್ಕಳಿಂದ ವೈರಸ್ ಒಂದು ವಾರಕ್ಕೂ ಮೀರಿ ಹೊರಬೀಳಬಹುದು. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಖಂಡಿತ ಬೇಡ.

ರಜೆ ಯಾಕೆ ಬೇಡ ಅಂದರೆ, ಜ್ವರ ಬರುವ ಹಿಂದಿನ ದಿನವೇ ವೈರಸ್ ಹರಡಲು ಶುರುವಾಗಿರುತ್ತದೆ. ಇವತ್ತು ಚೆನ್ನಾಗಿ ಓಡಾಡುವ ಹುಡುಗ ತುಂಬಿದ ಬಸ್ಸಿನಲ್ಲಿ ಊರಿಗೆ ಹೋಗಿ ಅಜ್ಜಿಗೋ ಬಸುರಿ ಅಕ್ಕನಿಗೋ ಅಂಟಿಸುತ್ತಾನೆ. ಫ್ಲೂ ಪ್ರಾಣಕ್ಕೆ ಬರುವುದು ಹೆಚ್ಚಾಗಿ ಅಂಥವರಿಗೇ.

ಸಣ್ಣ ಕ್ರಮಗಳಿಂದ ಏನಾದೀತು ಅಂತ ಕೈಚೆಲ್ಲಬೇಡಿ. ಸೀಸನ್ ಫ್ಲೂ ಒಬ್ಬರಿಂದ ಸರಾಸರಿ 1.3 ಜನಕ್ಕೆ ಹರಡುತ್ತದೆ. ಅದರಲ್ಲಿ ಕಾಲು ಭಾಗ ತಡೆದರೂ ಲೆಕ್ಕ ಒಂದಕ್ಕಿಂತ ಕೆಳಗಿಳಿದು ಅಲೆ ಕುಗ್ಗುತ್ತದೆ. ಒತ್ತಾಗಿ ಮಲಗುವ ಹಾಸ್ಟೆಲ್‌ನಲ್ಲಿ ಸಂಖ್ಯೆ ಜಾಸ್ತಿ ಇರುತ್ತದೆ, ತತ್ವ ಅದೇ. ಕೋವಿಡ್‌ಗೆಂದು ಮಾಡಿದ ಕ್ರಮಗಳ ಕಾಲದಲ್ಲಿ, 2020–21ರಲ್ಲಿ, ಜಗತ್ತಿನಾದ್ಯಂತ ಫ್ಲೂ ನೆಲಕಚ್ಚಿತ್ತು. ಬಿ/ಯಮಗಾಟಾ ಎಂಬ ಬಗೆಯಂತೂ 2020ರ ಮಾರ್ಚ್ ನಂತರ ಖಚಿತವಾಗಿ ಸಿಕ್ಕೇ ಇಲ್ಲ.

ಮಲಗಿದವರಿಗೆ ಬೇರೆ ಕೋಣೆ, ಬೇರೆ ತಟ್ಟೆ-ಲೋಟ. ಎದುರುಬದುರಿನ ಕಿಟಕಿ ಎರಡೂ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಅದೇ ಗಾಳಿಯನ್ನು ಸುತ್ತಿಸುತ್ತದೆ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಕೈಗೆ ಸೋಪು-ನೀರು ಸಾಕು, ಸ್ಯಾನಿಟೈಸರ್‌ಗೆ ದುಡ್ಡು ಸುರಿಯಬೇಡಿ. ಆಸ್ತಮಾ ಇರುವ ಮಗುವಿಗೆ ಜ್ವರ ಬಂದರೆ 48 ಗಂಟೆಯೊಳಗೆ ವೈದ್ಯರಿಗೆ ತೋರಿಸಿ, ಫ್ಲೂ ವೈರಸ್‌ಗೇ ಕೊಡುವ ಔಷಧಿ ಓಸೆಲ್ಟಾಮಿವಿರ್ ಬೇಗ ಶುರುಮಾಡಿದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಷ್ಟಪಟ್ಟು ಉಸಿರು ಎಳೆದುಕೊಳ್ಳುವುದು, ತುಟಿ ನೀಲಿಯಾಗುವುದು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಲಸಿಕೆ ಕೆಲಸ ಮಾಡಲು ಎರಡು ವಾರ ಬೇಕು. ಮುಂದಿನ ವರ್ಷ ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಹಾಕಿಸಿ. ಅಡುಗೆಯವರನ್ನು ಬಿಡಬೇಡಿ.