‘ಬಟನ್ ಒತ್ತಿದ್ದಕ್ಕೆ ಇಷ್ಟು ಹೊಗಳಿಕೆಯಾ?’

ಪ್ರಿಯ ಓದುಗರೇ,

ಇಂಗ್ಲೆಂಡಿನ ನ್ಯೂ ಆರ್ಡರ್ ತಂಡದ 1983ರ ಹಾಡು ‘ಬ್ಲೂ ಮಂಡೇ’ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದಕ್ಕೆ ನಿಮ್ಮ ಖಾರವಾದ ಪತ್ರ ಬಂದಿದೆ. ‘ಏಳೂವರೆ ನಿಮಿಷ ಡ್ರಮ್ ಒಂದೇ ಸಮ ಬಡಿಯುತ್ತದೆ. ಎರಡು ನಿಮಿಷ ಕಳೆದ ಮೇಲೆ ಯಾರೋ ನಿದ್ದೆಗಣ್ಣಲ್ಲಿ ಹಾಡುತ್ತಾರೆ. ಬಟನ್ ಒತ್ತಿದ್ದಕ್ಕೆ ಇಷ್ಟು ಹೊಗಳಿಕೆಯಾ?’ ಎಂದು ಕೇಳಿದ್ದೀರಿ.

ಹಾಡುಗಾರಿಕೆಯ ವಿಷಯದಲ್ಲಿ ಜಗಳವಿಲ್ಲ. ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ತೀರಿಕೊಂಡ ಮೇಲೆ ಉಳಿದವರು ಕಟ್ಟಿಕೊಂಡ ತಂಡ ಇದು. ಯಾರಾದರೂ ಹಾಡಲೇಬೇಕಿತ್ತು. ಗಿಟಾರ್ ನುಡಿಸುತ್ತಿದ್ದ ಬರ್ನಾರ್ಡ್ ಸಮ್ನರ್ ಹಾಡಿದರು. ಆ ತಣ್ಣನೆಯ ದನಿ ಈ ಹಾಡಿಗೆ ಸರಿಯಾಗಿ ಕೂತಿದೆ ಅಂತ ನನಗೆ ಅನಿಸುತ್ತದೆ. ನಿಮಗೆ ಅನಿಸದಿದ್ದರೆ ಬಲವಂತವಿಲ್ಲ.

ಆದರೆ ಬಟನ್? 1983ರಲ್ಲಿ ಅಂಥ ಬಟನ್ ಎಲ್ಲಿತ್ತು ಸ್ವಾಮಿ? ಡ್ರಮ್ಮಿಗೆ ಒಬರ್‌ಹೈಮ್ ಡಿಎಂಎಕ್ಸ್ ಎಂಬ ಡ್ರಮ್ ಯಂತ್ರ ಇತ್ತು, ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್) ಬೇಸ್‌ಗೆ ಮೂಗ್ ಸೋರ್ಸ್. ತುಂಬಿಟ್ಟ ಸ್ವರಗಳನ್ನು ಸಾಲಾಗಿ ನುಡಿಸುವ ಯಂತ್ರವಾದ ಸೀಕ್ವೆನ್ಸರನ್ನಂತೂ ಸಮ್ನರ್ ಬಿಡಿಭಾಗಗಳ ಕಿಟ್ ತರಿಸಿ ತಾವೇ ಜೋಡಿಸಿದ್ದರು. ಅದಕ್ಕೆ ಸ್ವರಗಳನ್ನು ಒಂದೊಂದಾಗಿ ತುಂಬಬೇಕು. ತಂಡದ ಕೀಬೋರ್ಡ್ ವಾದಕಿ ಗಿಲಿಯನ್ ಗಿಲ್ಬರ್ಟ್ ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡರು. ಹಾಳೆಗೆ ಹಾಳೆ ಅಂಟಿಸಿ ಅದು ಮಾರುದ್ದ ಬೆಳೆಯಿತು. ತುಂಬುವಾಗ ಒಂದು ಸ್ವರ ಬಿಟ್ಟುಹೋಯಿತು. ಹಾಗಾಗಿ ಸಿಂಥ್ ರಾಗ ತಾಳದಿಂದ ತುಸು ಜಾರಿಕೊಂಡೇ ಓಡುತ್ತದೆ. ಅದನ್ನು ಹಾಗೇ ಬಿಟ್ಟರು, ಪುಣ್ಯಕ್ಕೆ. ತೊಡೆ ಮೇಲೆ ತಾಳ ಹಾಕುತ್ತಾ ಕೇಳಿ ನೋಡಿ. ಇನ್ನು ತಂಡದ ಪೀಟರ್ ಹುಕ್ ಬೇಸ್ ಗಿಟಾರನ್ನು ಕೈಯಲ್ಲೇ ನುಡಿಸಿದ್ದಾರೆ.

ನಿಮ್ಮ ಅನುಮಾನಕ್ಕೂ ಸ್ವಲ್ಪ ಆಧಾರ ಇದೆ ಅನ್ನಿ. ಕಾರ್ಯಕ್ರಮ ಮುಗಿದ ಮೇಲೆ ‘ಇನ್ನೊಂದು ಹಾಡು’ ಅಂತ ಜನ ಕೂಗುವುದು ಇವರಿಗೆ ಇಷ್ಟವಿರಲಿಲ್ಲ. ತಾವು ಇಳಿದು ಹೋದ ಮೇಲೂ ಯಂತ್ರವೇ ನುಡಿಸುವಂಥ ಹಾಡು ಬೇಕು ಅಂತ ಹೊರಟವರು ಅವರೇ! ಸೋಮಾರಿತನಕ್ಕೆ ಇಷ್ಟೊಂದು ದುಡಿದವರು ಕಮ್ಮಿ.

ರೆಕಾರ್ಡಿನ ಕವರಿನಿಂದ ಅದನ್ನು ಹೊರತಂದ ಕಂಪನಿಗೆ ನಷ್ಟವಾಗಿದ್ದು ನಿಜವಾ ಎಂದೂ ಕೇಳಿದ್ದೀರಿ. ವಿನ್ಯಾಸಕಾರ ಪೀಟರ್ ಸಾವಿಲ್ ಅದನ್ನು ಫ್ಲಾಪಿ ಡಿಸ್ಕಿನ ಹಾಗೆ ಮಾಡಿದರು. ರಂಧ್ರಗಳನ್ನು ಕತ್ತರಿಸಬೇಕಿತ್ತು, ಖರ್ಚು ಜಾಸ್ತಿ. ತಂಡದ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ. ಬಣ್ಣದ ಪಟ್ಟಿಗಳ ಗುಪ್ತಲಿಪಿಯಲ್ಲಿ ಎಲ್ಲಾ ಅಡಗಿದೆ. ಮಾರಿದ ಒಂದೊಂದು ಪ್ರತಿಗೂ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಕೆಲವು ಪೆನ್ಸ್ ಕಳೆದುಕೊಂಡಿತು ಅನ್ನುವುದು ಪ್ರಸಿದ್ಧ ಕಥೆ. ಆದರೆ ಲೆಕ್ಕ ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ (ಒಂದೇ ಹಾಡಿಗಾಗಿ ಹೊರಬರುವ ದೊಡ್ಡ ರೆಕಾರ್ಡ್) ಇದೇ. ಕಥೆ ನಿಜವಾದರೆ ಸಂಕಟ ಊಹಿಸಿಕೊಳ್ಳಿ!

ಕೊನೆಗೆ, ಯಾವ ಆಲ್ಬಮ್ ಕೊಳ್ಳಲಿ ಎಂದಿರಿ. ಅದೇ ವರ್ಷದ ‘ಪವರ್, ಕರಪ್ಷನ್ ಅಂಡ್ ಲೈಸ್’ನ ಬ್ರಿಟಿಷ್ ಎಲ್‌ಪಿಯಲ್ಲಿ ಈ ಹಾಡು ಇಲ್ಲ. 1987ರ ‘ಸಬ್‌ಸ್ಟೆನ್ಸ್’ ಸಂಕಲನ ಹುಡುಕಿ, ಪೂರ್ತಿ ಉದ್ದದ್ದೇ ಇದೆ. 1988ರ ರೀಮಿಕ್ಸ್ ಆಮೇಲೆ ಕೇಳಿದರೆ ಸಾಕು.

- ಸಂ.